ಏಳು ಅಂಕಿಗೆ ಸಿಗುವ ಮನೆ

ಲಾರೆಲ್ ಬೆಂಡ್
ಶನಿವಾರ, ಮಾರ್ಚ್ ೭, ೨೦೦೯
ಮಧ್ಯಾಹ್ನ

ಪ್ರೀತಿಯ ರಾಕ್ಸಾನಾ,

ಅಮ್ಮ ಫೋನ್ ಮಾಡುವುದು ಬಿಟ್ಟು ಕಾಗದ ಬರೆದಿದ್ದಾಳೆ ಎಂದರೆ ಏನೋ ಆಗಿರಬೇಕು ಎಂದು ಗಾಬರಿಯಾಗಬೇಡ. ನಾನು ಇದ್ದ ಹಾಗೇ ಇದ್ದೇನೆ, ನನ್ನ ಮಂಡಿನೋವೂ ಇದ್ದ ಹಾಗೇ ಇದೆ. ಫೋನಿನಲ್ಲಿ ಹೇಳೋಣವೆಂದರೆ ನೀನು ಮಧ್ಯೆ ಬಾಯಿ ಹಾಕುತ್ತೀಯ, ನಾನು ಮಾತು ಹೊರಳಿಸಿ ಹವಾಮಾನಕ್ಕೆ ಹೋಗಿಬಿಡುತ್ತೇನೆ. ಹತ್ತು ತಿಂಗಳಿಂದ ನಾವಿಬ್ಬರೂ ಭಾನುವಾರ ಭಾನುವಾರ ಹವಾಮಾನವನ್ನೇ ಮಾತಾಡುತ್ತಿದ್ದೇವೆ. ಅದೂ ಅಲ್ಲದೆ ಇವತ್ತು ಸಂಜೆಯವರೆಗೆ ಈ ಫೋನನ್ನು ಖಾಲಿ ಇಡಬೇಕಾಗಿದೆ. ಯಾಕೆಂದು ಹೇಳುವುದಕ್ಕೇ ಈ ಕಾಗದ.

ಕೂತರೆ ಏಳೋಣ ಅನಿಸುತ್ತದೆ, ಎದ್ದರೆ ಕೂರೋಣ ಅನಿಸುತ್ತದೆ. ಒಲೆಯ ಮೇಲೆ ಬೀನ್ಸ್ ಇಟ್ಟಿದ್ದೇನೆ, ಅದನ್ನು ಕಲಕುವ ನೆಪದಲ್ಲಿ ನಾಲ್ಕು ಸಲ ಒಳಗೆ ಹೋಗಿ ಬಂದೆ. ಹಾಗಾಗಿ ಅಕ್ಷರ ಸೊಟ್ಟಗಾಗಿದ್ದರೆ ವಯಸ್ಸಿನ ಮೇಲೆ ಹಾಕಬೇಡ.

ಹೋದ ವರ್ಷ ಮೇ ತಿಂಗಳಲ್ಲಿ ಹೈಸ್ಕೂಲಿನ ಜಿಮ್‌ನಲ್ಲಿ ಆ ಅಹವಾಲು ಸಭೆ ಮುಗಿದ ಮೇಲೆ ನೀನು ಕಾರು ನಿಲ್ಲಿಸಿದ್ದ ಕಡೆಗೆ ನನ್ನ ಹಿಂದೆಯೇ ಬಂದು ಒಂದು ಮಾತು ಕೇಳಿದೆ. "ನಿನಗೆ ಹತ್ತು ಅಂಕಿ ನೆನಪಿರಲ್ವಾ? ನಿನಗಾ? ಯಾಕಮ್ಮ ಸುಳ್ಳು ಹೇಳಿದೆ?" ಎಂದೆ. ನಾನು ಪಕ್ಕದ ಮನೆಯ ಓಪಲ್ ಹಿಂಕಲ್‌ಳ ಕಾರು ಹತ್ತಿಬಿಟ್ಟೆ. ಕ್ರಿಸ್‌ಮಸ್‌ಗೆ ನೀನು ಬರಲಿಲ್ಲ, ಉಡುಗೊರೆ ಅಂಚೆಯಲ್ಲಿ ಬಂತು. ಗುಡ್ಡದ ಆಚೆ ನಿನ್ನ ಮನೆ, ಈಚೆ ನನ್ನ ಮನೆ ಇದ್ದೂ ಅಂಚೆಯವನ ಕೈಲಿ ಶಾಲು ಕಳಿಸಿದೆಯಲ್ಲ, ಆ ಶಾಲನ್ನು ನಾನಿನ್ನೂ ಹೊದ್ದಿಲ್ಲ. ಚೆನ್ನಾಗಿದೆ ಶಾಲು. ಸಿಟ್ಟಿಗೆ ಹೊದ್ದಿಲ್ಲ, ಅಷ್ಟೇ.

ಸಭೆಯ ವಿಷಯ ನಿನಗೆ ಗೊತ್ತಿರುವುದೇ. ಆದರೂ ನಾನು ಕಂಡ ಹಾಗೆ ಹೇಳುತ್ತೇನೆ, ಯಾಕೆಂದರೆ ನಾವಿಬ್ಬರೂ ಒಂದೇ ಸಭೆಯಲ್ಲಿ ಕೂತಿದ್ದೆವು ಎಂದು ನನಗೆ ಅನಿಸುವುದೇ ಇಲ್ಲ. ನಮ್ಮ ಕಡೆಯ ಫೋನ್ ನಂಬರುಗಳು ಮುಗಿಯುತ್ತಾ ಬಂದಿವೆ, ನಂಬರಿನ ಮುಂದೆ ಹಾಕುವ ಮೂರಂಕಿಯ ಏರಿಯಾ ಕೋಡ್ ಹೊಸದೊಂದು ತರಬೇಕು, ಹೇಗೆ ತರೋಣ ಎಂದು ಜನ ಹೇಳಲಿ ಅಂತ ರಾಜಧಾನಿಯಿಂದ ಆಯೋಗದವರು ಬಂದಿದ್ದರು. ಇರುವುದು ಎರಡೇ ದಾರಿ ಎಂದರು. ಗುಡ್ಡದ ಸಾಲಿನ ಗುಂಟ ಒಂದು ಗೆರೆ ಎಳೆದು ಉತ್ತರದ ನಿಮ್ಮ ಕಡೆಯವರಿಗೆಲ್ಲ ಹೊಸ ಕೋಡ್ ಕೊಡುವುದು ಒಂದು. ಆಗ ನಮ್ಮ ಕಡೆ ಏನೂ ಬದಲಾಗುವುದಿಲ್ಲ, ಪಕ್ಕದ ಮನೆಗೆ ಮೊದಲಿನಂತೆ ಏಳು ಅಂಕಿ ಒತ್ತಿದರೆ ಸಾಕು. ಗೆರೆಯಿಲ್ಲದೆ ಇಡೀ ಸೀಮೆಯ ಮೇಲೆ ಹೊಸ ಕೋಡನ್ನು ಹೊದಿಸಿ, ಹೊಸ ಫೋನು ತಗೊಂಡವರಿಗೆ ಮಾತ್ರ ಅದನ್ನು ಕೊಡುವುದು ಇನ್ನೊಂದು. ಆಗ ಯಾರ ನಂಬರೂ ಬದಲಾಗುವುದಿಲ್ಲ, ಆದರೆ ಬೇಲಿಯಾಚೆಯ ಓಪಲ್‌ಳನ್ನು ಕರೆಯುವುದಕ್ಕೂ ಕೋಡ್ ಸೇರಿಸಿ ಹತ್ತು ಅಂಕಿ ಒತ್ತಬೇಕು.

ಬಾಗಿಲಲ್ಲೇ ನಮ್ಮ ಊರಿನವರು ನಗೆಪಾಟಲಾದರು. ಹೆಸರು, ಊರು, ಫೋನ್ ನಂಬರು ಬರೆಯಿರಿ ಎಂದು ಹಾಳೆ ಇಟ್ಟಿದ್ದರಲ್ಲ, ಲಾರೆಲ್ ಬೆಂಡಿನವರೆಲ್ಲ ಕೊನೆಯ ನಾಲ್ಕು ಅಂಕಿ ಬರೆದು ಒಳಗೆ ಹೋಗಿ ಕೂತಿದ್ದೆವು. ನಮ್ಮೂರಲ್ಲಿ ಯಾರು ತಾನೆ ಪೂರ್ತಿ ನಂಬರು ಹೇಳುತ್ತಾರೆ? ಮೊದಲ ಮೂರು ಅಂಕಿ ಎಲ್ಲರದ್ದೂ ಒಂದೇ. ಚರ್ಚಿನ ಬೋರ್ಡಿನ ಮೇಲೂ ನಾಲ್ಕೇ ಅಂಕಿ. ಆಯೋಗದ ಆ ಎಳೆಯ ಅಧಿಕಾರಿ ಹಾಳೆ ಎತ್ತಿಕೊಂಡು ಮೈಕಿನಲ್ಲಿ, ಇವು ಮನೆ ನಂಬರುಗಳೋ ಅಥವಾ ಹುಟ್ಟಿದ ವರ್ಷಗಳೋ ಎಂದು ವಿನಯದಿಂದಲೇ ಕೇಳಿದ. ನಿಮ್ಮ ಕಡೆಯ ಬೆಂಚುಗಳೆಲ್ಲ ಗೊಳ್ಳೆಂದವು. ನೀನೂ ನಕ್ಕೆ, ರಾಕ್ಸಿ. ನೀನು ಹುಟ್ಟಿ ಬೆಳೆದದ್ದು ಈ ನಾಲ್ಕು ಅಂಕಿಯ ಊರಿನಲ್ಲೇ. ನನಗೆ ಕೆಟ್ಟದಾಗಿ ಅನಿಸಿತು, ಅದನ್ನು ಹೇಳಿಬಿಡುತ್ತೇನೆ.

ಓಪಲ್ ಮಾತಾಡಿದ್ದು ಮಾತ್ರ ನನಗೆ ಈಗಲೂ ನಗು ತರಿಸುತ್ತದೆ. ಹ್ಯಾಟು ಸರಿಮಾಡಿಕೊಂಡು ಮೈಕಿನ ಮುಂದೆ ನಿಂತು, "ದೇವ್ರು ಹತ್ತು ಬೆರಳು ಕೊಟ್ಟಿದಾನೆ ಸಾರ್. ಏಳು ಫೋನಿಗೆ, ಮೂರು ಕಾಫಿ ಲೋಟ ಹಿಡ್ಕೊಳಕ್ಕೆ. ಹತ್ತೂ ನೀವೇ ಇಟ್ಕೊಂಡ್ರೆ ನಾನು ಕಾಫಿ ಹೆಂಗೆ ಕುಡೀಲಿ?" ಎಂದಳು. ಟೈಪು ಮಾಡಿಕೊಳ್ಳುತ್ತಿದ್ದ ಹೆಂಗಸೂ ಕೈ ನಿಲ್ಲಿಸಿ ನಕ್ಕಳು.

ಆಮೇಲೆ ನಿನ್ನ ಸರದಿ. ನೀನು ಎಷ್ಟು ಚೆನ್ನಾಗಿ ಮಾತಾಡಿದೆ ಎಂದು ನಾನು ಅವತ್ತೂ ಹೇಳಲಿಲ್ಲ, ಆಮೇಲೂ ಹೇಳಲಿಲ್ಲ. ಬೇಕರಿ ಹಾಕಿದಾಗ ಒಲೆಯೊಂದು ಬಿಟ್ಟರೆ ನನ್ನದು ಅಂತ ಇದ್ದದ್ದು ಆ ನಂಬರೊಂದೇ, ವ್ಯಾನಿನ ಮೇಲೂ ಅದೇ, ಪೆಪೆರೋನಿ ರೋಲಿನ ಪ್ರತಿ ಪೊಟ್ಟಣದ ಮೇಲೂ ಅದೇ, ಗಣಿಯವರು ಬೆಳಗಿನ ಪಾಳಿಗೆ ಮುಂಚೆ ಕಣ್ಣು ಮುಚ್ಚಿಕೊಂಡು ಒತ್ತುವುದೂ ಅದನ್ನೇ ಎಂದೆ. ಗೆರೆ ಎಳೆದು ನಂಬರು ಬದಲಿಸಿದರೆ ನನ್ನ ಗಿರಾಕಿಗಳು ಇನ್ಯಾರದೋ ಮನೆಗೆ ಫೋನ್ ಮಾಡಿ ರೋಲು ಕೇಳುತ್ತಾರೆ ಎಂದೆ. ಕೊನೆಗೆ, ನನ್ನ ತಾಯಿ ಗೆರೆಯ ಆಚೆ ಇದ್ದಾಳೆ, ನನಗೂ ಅವಳಿಗೂ ನಡುವೆ ಗೆರೆ ಬೇಡ ಎಂದೆ. ಜನ ಚಪ್ಪಾಳೆ ತಟ್ಟಿದರು. ನನ್ನ ಕಣ್ಣಲ್ಲಿ ನೀರು ಬಂತು, ಆದರೆ ನನ್ನ ಹೆಸರನ್ನು ಆಗಲೇ ಕೂಗಿಯಾಗಿತ್ತು.

ನಾನು ಎದ್ದು ಹೋಗಿ ಏನು ಹೇಳಿದೆ? ಗೆರೆ ಎಳೆಯಿರಿ ಎಂದೆ. ನಾನು ಮುದುಕಿ, ಹತ್ತು ಅಂಕಿ ನೆನಪಿಡಲಾರೆ, ಏಳನ್ನು ನಮಗೆ ಬಿಡಿ ಎಂದೆ. ದಿಕ್ಕು ಕೆಟ್ಟವಳ ಹಾಗೆ ದನಿಯನ್ನೂ ನಡುಗಿಸಿದೆ. ಡಯಲ್ ಫೋನ್ ಬರುವ ಮುಂಚೆ ಔಷಧಿ ಅಂಗಡಿಯ ಮಹಡಿಯ ಎಕ್ಸ್‌ಚೇಂಜಿನಲ್ಲಿ ಕೂತು ಇಡೀ ಊರಿಗೆ ಲೈನು ಕೊಡುತ್ತಿದ್ದವಳು ನಾನು. ಸತ್ತವರ ನಂಬರು ಕೂಡ ನನಗೆ ಇವತ್ತಿಗೂ ಬಾಯಿಪಾಠ. ಸಣ್ಣವಳಿದ್ದಾಗ ನೀನು ಅಂಗಡಿಗಳ ಹೆಸರು ಹೇಳಿ ನನ್ನನ್ನು ಪರೀಕ್ಷೆ ಮಾಡುತ್ತಿದ್ದೆ, ಒಂದು ದಿನವೂ ನಾನು ಸೋಲಲಿಲ್ಲ. ಅಂಥವಳು ಹಾಗೆ ಹೇಳಿದರೆ ನಿನಗೆ ಏನನ್ನಿಸಿರಬೇಕು. ಅಮ್ಮನೇ ಬೇಕೆಂದು ನಡುವೆ ಗೆರೆ ಎಳೆಸಲು ನಿಂತಳು ಅನ್ನಿಸಿರಬೇಕು. ಆಯೋಗದ ಹೆಂಗಸು ಇನ್ನೇನಾದರೂ ಹೇಳುವುದಿದೆಯೇ ಎಂದು ಕೇಳಿದಳು. ನೀನು ಎರಡನೇ ಸಾಲಿನಲ್ಲಿ ಕೂತು ನನ್ನನ್ನೇ ನೋಡುತ್ತಿದ್ದೆ. ಇಲ್ಲ ಎಂದೆ. ಇತ್ತು.

ಈಗ ಹೇಳುತ್ತೇನೆ. ಕೂತುಕೊಂಡು ಓದು.

ನಿಮ್ಮಪ್ಪ ದಿನಾ ಸಂಜೆ ನನಗೆ ಫೋನ್ ಮಾಡುತ್ತಾನೆ.

ಕಾಗದ ಹರಿದು ಹಾಕಬೇಡ. ಒಂದು ನಿಮಿಷ, ಬೀನ್ಸ್ ನೋಡಿ ಬರುತ್ತೇನೆ.

ಬಂದೆ. ರಿಸೀವರ್ ಎತ್ತಿ ಲೈನು ಜೀವಂತ ಇದೆಯೇ ಎಂದೂ ನೋಡಿದೆ. ಆಮೇಲೆ, ನಾನು ಎತ್ತಿದ ಗಳಿಗೆಯಲ್ಲೇ ಅವನು ಮಾಡಿದ್ದರೆ ಎಂದು ಹೆದರಿ ತಟ್ಟನೆ ಇಟ್ಟೆ. ಇನ್ನೂ ಹೊತ್ತಿದೆ, ಗೊತ್ತು.

ನಿಮ್ಮಪ್ಪ ಹೋಬಾರ್ಟ್ ಈಗ ಎರಡು ವರ್ಷದಿಂದ ಗುಡ್ಡದ ಈಚೆ, ಪಕ್ಕದ ಊರಿನ ಕೌಂಟಿ ವೃದ್ಧಾಶ್ರಮದಲ್ಲಿದ್ದಾನೆ. ಕಾರ್ಖಾನೆಯ ಪ್ಯಾಕಿಂಗ್ ವಿಭಾಗದ ಆ ಹೆಂಗಸು, ನಮ್ಮ ಮನೆ ಮುರಿದವಳು, ತೀರಿಕೊಂಡಳು. ಇವನ ನೆನಪು ಒಂದೊಂದೇ ಉದುರಿಹೋಗುತ್ತಿದೆ. ಸೋಜಿಗ ಏನೆಂದರೆ ಮೊದಲು ಉದುರಿದ್ದು ಅವಳೇ. ಇಪ್ಪತ್ತೈದು ವರ್ಷ ಜೊತೆಗೆ ಬಾಳಿದವಳ ಹೆಸರು ಅವನಿಗೆ ಗೊತ್ತಿಲ್ಲ. ನನಗೆ ಅದರಿಂದ ಖುಷಿಯಾಯಿತೇ ಎಂದು ಕೇಳಬೇಡ. ಸ್ವಲ್ಪ ಆಯಿತು.

ಗಾಜಿನ ಕಾರ್ಖಾನೆಯವರ ಪದ್ಧತಿ ನಿನಗೆ ನೆನಪಿರಬೇಕು. ಕುಲುಮೆಯ ಮಡಕೆಯಲ್ಲಿ ಗಾಜು ಮುಗಿದಾಗಲೇ ಪಾಳಿ ಮುಗಿಯುವುದು, ಅದಕ್ಕೊಂದು ಹೊತ್ತು ಅಂತಿರಲಿಲ್ಲ. ಅದಕ್ಕೇ ಗಂಡಸರು ಗೇಟಿನ ಬಳಿಯ ಫೋನಿಗೆ ಸಾಲು ನಿಂತು ಮನೆಗೆ ಹೇಳಿ ಹೊರಡುತ್ತಿದ್ದರು, ಊಟ ಬಡಿಸಿಡಲಿ ಅಂತ. ನಿಮ್ಮಪ್ಪನದು ಒಂದೇ ಮಾತು, "ಹೊರಟೆ, ವೆರ್ಲೀನ್." ಮನೆ ಬಿಟ್ಟು ಹೋದ ದಿನವೂ ಅವನು ಫೋನ್ ಮಾಡಿ ಹೊರಟೆ ಎಂದೇ ಹೇಳಿದ. ನಾನು ತಟ್ಟೆ ಇಟ್ಟೆ, ಬ್ರೆಡ್ ಕತ್ತರಿಸಿದೆ. ಅಪ್ಪ ಬರುವವರೆಗೆ ತಿನ್ನುವುದಿಲ್ಲ ಎಂದು ನೀನು ಹಟ ಹಿಡಿದು ಕೂತೆ, ಹನ್ನೊಂದು ವರ್ಷದ ಹುಡುಗಿ. ಬೀನ್ಸ್ ಆರಿ ಕೆನೆಗಟ್ಟಿತು. ಮಾರನೆಯ ದಿನ ಫೋರ್‌ಮನ್ ಬಂದು, ತಲೆ ತಗ್ಗಿಸಿಕೊಂಡು, ಅವನು ಎಲ್ಲಿಗೆ ಹೋದ, ಯಾರ ಜೊತೆ ಹೋದ ಎಂದು ಹೇಳಿದ.

ವೃದ್ಧಾಶ್ರಮಕ್ಕೆ ಸೇರಿದ ಸ್ವಲ್ಪ ದಿನಕ್ಕೆ ಒಂದು ಸಂಜೆ ನಮ್ಮ ಮನೆ ಫೋನು ಬಡಿಯಿತು. ಎತ್ತಿದೆ. "ಹೊರಟೆ, ವೆರ್ಲೀನ್" ಎಂದ. ದನಿ ಮುದಿಯಾಗಿತ್ತು, ಮಾತು ಅದೇ. ಕೈಲಿದ್ದ ಸೌಟು ಬಿತ್ತು. ಇಷ್ಟು ವರ್ಷ ಅವನು ಸಿಕ್ಕರೆ ಹೇಳಬೇಕೆಂದು ಕೂಡಿಸಿಟ್ಟುಕೊಂಡ ಬೈಗುಳ ಎಷ್ಟಿತ್ತು ಅಂತೀಯ, ಒಂದೂ ನಾಲಿಗೆಗೆ ಬರಲಿಲ್ಲ. "ಸರಿ, ದಾರಿಯಲ್ಲಿ ಹುಷಾರು" ಎಂದು ಇಟ್ಟೆ. ಇಟ್ಟ ಮೇಲೆ ನನಗೆ ನನ್ನ ಮೇಲೇ ಎಷ್ಟು ರೇಗಿತೆಂದರೆ, ಇರುವ ಪಾತ್ರೆಗಳನ್ನೆಲ್ಲ ಮತ್ತೊಮ್ಮೆ ತೊಳೆದೆ.

ಮಾರನೆಯ ದಿನ ಮತ್ತೆ ಬಂತು. ಅಲ್ಲಿ ಊಟದ ಗಾಡಿ ತಳ್ಳುವ ಸದ್ದಾದರೆ ಸಾಕು, ಅವನಿಗೆ ಪಾಳಿ ಮುಗಿದ ಹಾಗೆ. ಎದ್ದು ಹಜಾರದ ಫೋನಿನ ಹತ್ತಿರ ಹೋಗಿ ಏಳು ಅಂಕಿ ಒತ್ತುತ್ತಾನೆ. ಡ್ರೀಮಾ ಎಂಬ ನರ್ಸ್ ಇದ್ದಾಳೆ, ಒಳ್ಳೆಯ ಹುಡುಗಿ, ಅವಳೇ ನನಗೆ ಇದನ್ನೆಲ್ಲ ಹೇಳಿದ್ದು. ತನ್ನ ಹುಟ್ಟಿದ ದಿನ ಗೊತ್ತಿಲ್ಲ, ಚಪ್ಪಲಿ ಯಾವ ಕಾಲಿಗೆ ಅಂತ ಗೊತ್ತಿಲ್ಲ, ಆದರೆ ಆ ಏಳು ಅಂಕಿ ಮಾತ್ರ ಬೆರಳಿಗೆ ಗೊತ್ತು ಎನ್ನುತ್ತಾಳೆ. ಫೋನ್ ಇಟ್ಟ ಮೇಲೆ ಸಮಾಧಾನವಾಗಿ ಕೂತು ಊಟ ಮಾಡುತ್ತಾನಂತೆ. ಲೈನು ಸಿಗದ ದಿನ ತಟ್ಟೆ ಮುಟ್ಟುವುದಿಲ್ಲ, ಬಾಗಿಲು ಬಾಗಿಲು ಅಲೆಯುತ್ತಾನೆ.

ನೀನೇ ಮಾಡಬಹುದಲ್ಲಮ್ಮ ಎನ್ನುತ್ತೀಯ. ಮಾಡಿದೆ. ಹಜಾರದ ಫೋನೆಂದರೆ ಅವನಿಗೆ ಕಾರ್ಖಾನೆ ಗೇಟಿನ ಫೋನು, ಅದು ಬಡಿದರೆ ಎತ್ತುವುದು ಫೋರ್‌ಮನ್ ಕೆಲಸ, ತಾನು ಮುಟ್ಟಬಾರದು ಅಂತಾನೆ. ಡ್ರೀಮಾ ಬಲವಂತವಾಗಿ ಕೈಗೆ ಕೊಟ್ಟರೆ ಯಾರಮ್ಮ ನೀವು ಎಂದು ಮರ್ಯಾದೆಯಿಂದ ಕೇಳುತ್ತಾನೆ. ಒಮ್ಮೆ ಹೋಗಿ ಎದುರಿಗೇ ನಿಂತೆ. ಚರ್ಚಿನಿಂದ ಕೇಕು ತಂದ ಹೆಂಗಸು ಎಂದುಕೊಂಡು ಥ್ಯಾಂಕ್ಸ್ ಹೇಳಿದ. ಅವನು ಏಳು ಅಂಕಿ ಒತ್ತಿ, ಈ ಕಡೆ ನಾನು ಎತ್ತಿದಾಗ ಮಾತ್ರ ನಾನು ಅವನಿಗೆ ವೆರ್ಲೀನ್.

ಇದನ್ನು ನಾನು ಆ ಜಿಮ್‌ನಲ್ಲಿ ಮೈಕು ಹಿಡಿದು ಹೇಳಬೇಕಿತ್ತೇ? ಊರಿಗೆ ಊರೇ ಕೂತಿತ್ತು. ಬಿಟ್ಟು ಹೋದ ಗಂಡನ ಫೋನಿಗೆ ಕಾದು ಕೂರುತ್ತಾಳಂತೆ, ಮಾನಗೆಟ್ಟವಳು ಎನ್ನುತ್ತಿದ್ದರು. ಅವರು ಅಂದುಕೊಳ್ಳಲಿ, ಬಿಡು. ನೀನು ಕೂತಿದ್ದೆಯಲ್ಲ. ಅಪ್ಪನ ಹೆಸರು ಎತ್ತಿದರೆ ಇವತ್ತಿಗೂ ಕೋಣೆ ಬಿಟ್ಟು ಎದ್ದುಹೋಗುವವಳು ನೀನು. ನಿನ್ನ ಬೇಕರಿಯೂ ಉಳಿಯಲಿ, ಅವನ ಏಳು ಅಂಕಿಯೂ ಉಳಿಯಲಿ ಎಂದರೆ ಆಗುವ ಮಾತಲ್ಲ. ಅತ್ತ ದರಿ, ಇತ್ತ ಪುಲಿ. ನಾನು ಅವನ ಕಡೆ ನಿಂತೆ. ಅದೇ ನನಗೆ ಇನ್ನೂ ಅರ್ಥವಾಗದ ವಿಷಯ. ಅವನನ್ನು ಕ್ಷಮಿಸಿಬಿಟ್ಟಿದ್ದೇನೆ ಎಂದು ತಿಳಿಯಬೇಡ, ಇಲ್ಲ. ಆದರೆ ಅಷ್ಟು ವರ್ಷ ಸಂಜೆಯಾದರೆ ಕಿಟಕಿಯ ಬಳಿ ಹೋಗಿ ರಸ್ತೆ ನೋಡುತ್ತಿದ್ದೆ, ಈ ಎರಡು ವರ್ಷ ಹಾಗೆ ನೋಡಿಲ್ಲ.

ಆಮೇಲೆ ಆಯೋಗ ನಿಮ್ಮ ಕಡೆಯೇ ತೀರ್ಪು ಕೊಟ್ಟಿತು. ಗೆರೆ ಇಲ್ಲ, ಎಲ್ಲರಿಗೂ ಹತ್ತು ಅಂಕಿ. ನಿನ್ನ ವ್ಯಾನಿನ ಮೇಲಿನ ನಂಬರು ಉಳಿಯಿತು. ನನಗೆ ಸಂತೋಷವೇ, ನಂಬು. ಜನಕ್ಕೆ ರೂಢಿಯಾಗಲಿ ಅಂತ ಚಳಿಗಾಲ ಪೂರ್ತಿ ಏಳು ಒತ್ತಿದರೂ ಹೋಗುತ್ತಿತ್ತು, ಹತ್ತು ಒತ್ತಿದರೂ ಹೋಗುತ್ತಿತ್ತು. ಆ ರಿಯಾಯಿತಿ ನಿನ್ನೆಗೆ ಮುಗಿಯಿತು. ಇವತ್ತಿನಿಂದ ಏಳು ಒತ್ತಿದರೆ ಯಾರೋ ಹೆಂಗಸಿನ ರೆಕಾರ್ಡ್ ಮಾಡಿದ ದನಿ, ಏರಿಯಾ ಕೋಡ್ ಸೇರಿಸಿ ಮತ್ತೆ ಪ್ರಯತ್ನಿಸಿ ಎನ್ನುತ್ತದೆ. ಬೆಳಿಗ್ಗೆ ನಾನೇ ಓಪಲ್‌ಳ ಮನೆಯಿಂದ ಒತ್ತಿ ಕೇಳಿದೆ. ದನಿ ಚೆನ್ನಾಗಿದೆ, ತಣ್ಣಗಿದೆ. ನಾವು ಲೈನು ಕೊಡುವಾಗ ಹಾಗೇ ಮಾತಾಡಬೇಕೆಂದು ನಮಗೂ ಕಲಿಸುತ್ತಿದ್ದರು.

ಡ್ರೀಮಾ ಈ ಚಳಿಗಾಲ ಕೈಲಾದದ್ದೆಲ್ಲ ಮಾಡಿದಳು. ಹತ್ತು ಅಂಕಿಯನ್ನು ದಪ್ಪಗೆ ಬರೆದು ಫೋನಿನ ಮೇಲೆ ಅಂಟಿಸಿದಳು. ನನ್ನ ಮನೆ ನಂಬರು ನನಗೇ ಹೇಳಿಕೊಡ್ತೀಯಾ ಎಂದು ಕಿತ್ತು ಅವಳ ಕೈಗೆ ಕೊಟ್ಟ. ಒಂದೇ ಗುಂಡಿ ಒತ್ತಿದರೆ ನನಗೆ ಬರುವ ಹಾಗೆ ಬೇರೊಂದು ಫೋನು ತಂದಿಟ್ಟಳು. ಗುಂಡಿ ಕೆಂಪಗಿತ್ತು. ಕಾರ್ಖಾನೆಯಲ್ಲಿ ಕೆಂಪು ಗುಂಡಿ ಎಂದರೆ ಗಾಜು ತಣಿಸುವ ಬೆಲ್ಟನ್ನೇ ನಿಲ್ಲಿಸುವ ಗುಂಡಿ, ಮುಟ್ಟಿದವನ ಕೆಲಸ ಅವತ್ತೇ ಹೋಯಿತು. ಹೋಬಾರ್ಟ್ ಅದರ ಹತ್ತಿರವೂ ಹೋಗಲಿಲ್ಲ, ಬೇರೆ ಮುದುಕರನ್ನೂ ಹೋಗಲು ಬಿಡಲಿಲ್ಲ. ಇವತ್ತು ಅವನ ಪಕ್ಕದಲ್ಲೇ ನಿಂತು ತಾನೇ ಒತ್ತಿಕೊಡುತ್ತೇನೆ ಎಂದಿದ್ದಾಳೆ. ಅವನು ಬಿಡಬೇಕಲ್ಲ.

ಬೀನ್ಸ್ ಬೆಂದಿದೆ. ಬ್ರೆಡ್ ಒಲೆಯಲ್ಲಿದೆ. ಇದನ್ನೂ ಹೇಳಿಬಿಡುತ್ತೇನೆ, ಅವನ ಫೋನು ಬರುವ ಹೊತ್ತಿಗೆ ನಾನು ದಿನಾ ಎರಡು ತಟ್ಟೆ ಇಡುತ್ತೇನೆ. ಆಮೇಲೆ ಒಂದನ್ನು ಎತ್ತಿಡುತ್ತೇನೆ. ನಗಬೇಡ.

ಇಳಿಬಿಸಿಲು ಆಗಲೇ ಓಪಲ್‌ಳ ಕೊಟ್ಟಿಗೆಯ ಮೇಲಕ್ಕೆ ಬಂತು. ಇನ್ನೇನು ಹೊತ್ತಾಯಿತು. ಇಲ್ಲಿಗೆ ನಿಲ್ಲಿಸುತ್ತೇನೆ. ನೀನು ಕೇಳಿದ್ದಕ್ಕೆ ಇದು ಉತ್ತರ. ಬೈಯುವುದಿದ್ದರೆ ಬೈ, ಹವಾಮಾನ ಮಾತ್ರ ಮಾತಾಡಬೇಡ.

ನಿನ್ನನ್ನು ಯಾವ ಗೆರೆಯಾಚೆಗೂ ಕಳಿಸಲಾರದ
ಅಮ್ಮ
ವೆರ್ಲೀನ್

ಮರೆತ ಮಾತು: ಮರೆತದ್ದಲ್ಲ, ಈಗ ಆದದ್ದು. ಹೊತ್ತು ಮೀರಿತು, ಫೋನು ಬರಲಿಲ್ಲ. ನಾನು ಅದರ ಮುಂದೆಯೇ ನಿಂತಿದ್ದೆ. ಆಮೇಲೆ ಬಡಿಯಿತು. ಡ್ರೀಮಾ.

ಅವನು ಅವಳ ಕೈ ತಳ್ಳಿ ತಾನೇ ಏಳು ಒತ್ತಿದನಂತೆ. ಆ ರೆಕಾರ್ಡಿನ ದನಿ ಬಂತು. ಪೂರ್ತಿ ಕೇಳಿಸಿಕೊಂಡು, ಡ್ರೀಮಾಳ ಕಡೆ ತಿರುಗಿ, ಎಕ್ಸ್‌ಚೇಂಜಿನಲ್ಲಿ ವೆರ್ಲೀನ್ ಕೂತಿದ್ದಾಳೆ, ನನ್ನ ಮೇಲೆ ಸಿಟ್ಟಾಗಿದ್ದಾಳೆ, ಲೈನು ಕೊಡುತ್ತಿಲ್ಲ ಎಂದನಂತೆ. ನಮ್ಮ ಮದುವೆಗೆ ಮುಂಚೆ ನನ್ನ ದನಿ ಕೇಳುವುದಕ್ಕೇ ಇಲ್ಲದ ನಂಬರುಗಳನ್ನೆಲ್ಲ ಕೇಳುತ್ತಿದ್ದನಲ್ಲ, ಆ ಕಾಲವನ್ನೂ ಆಮೇಲಿನದನ್ನೂ ಕಲಸಿಬಿಟ್ಟಿದ್ದಾನೆ. ಆಮೇಲೆ ರಿಸೀವರನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಹೇಳಿದ್ದನ್ನು ಡ್ರೀಮಾ ಹೇಳಿದ ಹಾಗೇ ಬರೆಯುತ್ತಿದ್ದೇನೆ: "ಗೊತ್ತು ವೆರ್ಲೀನ್. ಹೊರಟೆ ಅಂತ ಹೇಳ್ದೆ, ಬರ್ಲಿಲ್ಲ. ನೀನು ತಟ್ಟೆ ಇಟ್ಟಿರ್ತೀಯ, ಮಗು ಕಾಯ್ತಾ ಇರತ್ತೆ ಅಂತ ಗೊತ್ತಿತ್ತು. ಗೊತ್ತಿದ್ದೂ ಬರ್ಲಿಲ್ಲ. ತಪ್ಪಾಯ್ತು."

ಹೆಂಗಸು ಮತ್ತೆ ಏರಿಯಾ ಕೋಡ್ ಸೇರಿಸಿ ಎಂದಳಂತೆ. ಅವನು ಮತ್ತೆ ಒತ್ತಿ ಮತ್ತೆ ಅದನ್ನೇ ಹೇಳಿದನಂತೆ.

ಇಪ್ಪತ್ತೇಳು ವರ್ಷ ನಾನು ಕಾದ ಮಾತು, ರಾಕ್ಸಿ, ಆ ಯಂತ್ರದವಳು ಕೇಳಿಸಿಕೊಂಡಳು. ಎರಡು ಸಲ. ನನಗೆ ಅಳು ಬರುತ್ತಿದೆ, ಅವಳ ಮೇಲೆ ಹೊಟ್ಟೆಕಿಚ್ಚೂ ಬರುತ್ತಿದೆ. ಅವನಿನ್ನೂ ಊಟ ಮುಟ್ಟಿಲ್ಲವಂತೆ. ಬೀನ್ಸು, ಬ್ರೆಡ್ಡು ಡಬ್ಬಿಗೆ ಹಾಕಿದ್ದೇನೆ, ಎರಡು ತಟ್ಟೆ ಇಟ್ಟುಕೊಂಡಿದ್ದೇನೆ, ಓಪಲ್ ಕಾರು ತೆಗೆಯುತ್ತಿದ್ದಾಳೆ. ಚರ್ಚಿನ ಹೆಂಗಸು ಅಂದುಕೊಂಡರೂ ಸರಿ, ಎದುರಿಗೆ ಕೂತು ತಿನ್ನಿಸಿ ಬರುತ್ತೇನೆ. ಶಾಲು ಹೊದ್ದಿದ್ದೇನೆ, ಹೊರಗೆ ಚಳಿ.

ಆ ತಪ್ಪಾಯ್ತು ಅರ್ಧ ನಿನ್ನದು. ಮಗು ಎಂದದ್ದು ನಿನ್ನನ್ನೇ. ಅದನ್ನು ಕೇಳಬೇಕೋ ಬೇಡವೋ ನಿನಗೆ ಬಿಟ್ಟದ್ದು, ಇನ್ನು ಮೇಲೆ ನಾನು ದಿನಾ ಸಂಜೆ ಅಲ್ಲೇ ಇರುತ್ತೇನೆ. ಬರುವ ಮನಸ್ಸಾದರೆ ಮನೆಯಿಂದ ಕಾಲಿಡುವ ಮುಂಚೆ ನನಗೊಂದು ಫೋನ್ ಮಾಡು. ಹತ್ತೂ ಅಂಕಿ ಒತ್ತು. ಹೊರಟೆ ಎಂದು ಹೇಳಿದ ಮೇಲೆ ಮಾತ್ರ ಬರಲೇಬೇಕು.